ಮೊಬೈಲ್ ಕೆಳಗಿಟ್ಟು ಮುಖ ನೋಡೋಣ



ಶಾಲೆಗಳಿಗೆ ಭೇಟಿ ಕೊಟ್ಟಾಗ ನಾನು ಆರು, ಏಳನೇ ತರಗತಿಯವರಿಗೆ ಒಂದು ಕೆಲಸ ಹೇಳುತ್ತೇನೆ. ಮನೆಯಲ್ಲೋ ಹಿತ್ತಲಲ್ಲೋ ಯಾವುದಾದರೂ ಒಂದು ಸಂಗತಿಯನ್ನು ಏಳು ದಿನ ಬಿಡದೆ ಗಮನಿಸಬೇಕು. ಎಣಿಸಬೇಕು. ಕೋಷ್ಟಕ ಹಾಕಿ ಬರೆಯಬೇಕು. ಕೊನೆಗೆ ತನಗೆ ತೋಚಿದ ನಿರ್ಣಯವನ್ನು ಒಂದು ಸಾಲಿನಲ್ಲಿ ಹೇಳಬೇಕು. ಸಾಮಾನ್ಯವಾಗಿ ಮಕ್ಕಳು ದಾಸವಾಳದ ಮೊಗ್ಗು, ಇರುವೆ ಸಾಲು, ಕೋಳಿ ಇಟ್ಟ ಮೊಟ್ಟೆ, ಇಂಥವನ್ನು ಆರಿಸಿಕೊಳ್ಳುತ್ತಾರೆ.

ಒಮ್ಮೆ ಆರನೇ ತರಗತಿಯ ಒಬ್ಬ ಹುಡುಗಿಯ ಪುಸ್ತಕದಲ್ಲಿ ಬೇರೆಯೇ ತಲೆಬರಹ ಕಂಡಿತು: 'ಅಪ್ಪನನ್ನು ಎಷ್ಟು ಸಲ ಕರೆದರೆ ಓಗೊಡುತ್ತಾರೆ?' ರಾತ್ರಿ ಅಪ್ಪ ಮೊಬೈಲ್ ನೋಡುತ್ತ ಕುಳಿತಾಗ ಆಕೆ ಪಕ್ಕದಲ್ಲಿ ನಿಂತು, ದನಿ ಏರಿಸದೆ ಕರೆದು ಲೆಕ್ಕ ಇಟ್ಟಿದ್ದಳು. ಸೋಮವಾರ 3 ಸಲ, ಮಂಗಳವಾರ 4, ಬುಧವಾರ 3, ಗುರುವಾರ 5, ಶುಕ್ರವಾರ 3, ಶನಿವಾರ 4. ಭಾನುವಾರ ಮಾತ್ರ 1. ಭಾನುವಾರದ ಮುಂದೆ ಒಂದು ಟಿಪ್ಪಣಿ ಇತ್ತು: 'ಕರೆಂಟ್ ಇರಲಿಲ್ಲ. ಮೊಬೈಲ್ ಚಾರ್ಜ್ ಮುಗಿದಿತ್ತು.' ಅದರ ಕೆಳಗೆ ನಿರ್ಣಯ: 'ಅಪ್ಪನ ಕಿವಿ ಸರಿಯಾಗಿದೆ.'

ತರಗತಿಯಲ್ಲಿ ಓದಿ ಹೇಳಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಊರಿಗೆ ಮರಳುವಾಗ ನನಗೆ ನಗು ಬರಲಿಲ್ಲ. ಯಾಕೆಂದು ಹೇಳುತ್ತೇನೆ.

ನಾನು ಕೇಳಿಸಿಕೊಳ್ಳದ ಧೂಮಕೇತು

2024ರ ಅಕ್ಟೋಬರ್ ಮೊದಲ ವಾರ. ತ್ಸುಚಿನ್‌ಶಾನ್–ಅಟ್ಲಾಸ್ ಎಂಬ ಧೂಮಕೇತು ಬೆಳಗಿನ ಜಾವ ಪೂರ್ವ ದಿಕ್ಕಿನಲ್ಲಿ ಕಾಣುತ್ತಿತ್ತು. ಅದನ್ನು ಮಕ್ಕಳಿಗೆ ತೋರಿಸಬೇಕೆಂದು ನಾನು ಮೊಬೈಲಿನಲ್ಲಿ ಚಿತ್ರ, ನಕ್ಷೆ, ಸಮಯ ಹುಡುಕುತ್ತ ಕುಳಿತಿದ್ದೆ. ಎದುರಿಗೆ ನಮ್ಮ ಅವ್ವ ಅಕ್ಕಿ ಆರಿಸುತ್ತಿದ್ದಳು. 'ಏನೋ ಅದು?' ಅಂದಳು. 'ಧೂಮಕೇತು' ಅಂದೆ. 'ಬಾಲಚುಕ್ಕಿಯೇನು? ನಾನೂ ಒಂದು ನೋಡಿದ್ದೆ ಕಣೋ, ಸಣ್ಣವಳಿದ್ದಾಗ' ಅಂದಳು. ನಾನು 'ಹ್ಞೂಂ' ಅಂದೆ. ಆಕೆ ಇನ್ನೇನೋ ಹೇಳಿದಳು. ಮತ್ತೆ 'ಹ್ಞೂಂ' ಅಂದೆ. ಆಕೆ ಸುಮ್ಮನಾದಳು. ಸುಮ್ಮನಾದದ್ದೂ ನನಗೆ ಗೊತ್ತಾಗಲಿಲ್ಲ.

ಯೋಚಿಸಿ ನೋಡಿ. ನಾನು ವಿಜ್ಞಾನದ ಮೇಷ್ಟ್ರು. ಧೂಮಕೇತುವಿನ ಬಗ್ಗೆಯೇ ಓದುತ್ತಿದ್ದೆ. ಧೂಮಕೇತುವನ್ನು ಕಣ್ಣಾರೆ ಕಂಡವರು ಮೂರು ಅಡಿ ದೂರದಲ್ಲಿ ಕುಳಿತು ತಾವಾಗಿಯೇ ಹೇಳುತ್ತಿದ್ದರು. ನಾನು ಕೇಳಿಸಿಕೊಳ್ಳಲಿಲ್ಲ! ಆ ಹುಡುಗಿಯ ಕೋಷ್ಟಕ ಓದಿದ ಮೇಲೆ ನನಗೆ ಈ ಸಂಗತಿ ನೆನಪಾಯಿತು. ಅಷ್ಟರಲ್ಲಿ ಒಂದು ತಿಂಗಳೇ ಕಳೆದಿತ್ತು.

ಅವ್ವನ ಮಾತು ಏನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಪ್ರಶ್ನೆ. ಕಿವಿ ಸರಿ ಇದ್ದರೂ ನಮಗೆ ಕೇಳಿಸುವುದಿಲ್ಲ ಏಕೆ?

ಒಂದು ಪುಟ್ಟ ಪ್ರಯೋಗ

ಸೆಕೆಂಡು ತೋರಿಸುವ ಗಡಿಯಾರ ಇಟ್ಟುಕೊಂಡು ಗೆಳೆಯರೊಬ್ಬರ ಜೊತೆ ಇದನ್ನು ಮಾಡಿ. ಮೊದಲು ಅ, ಆ, ಇ, ಈ ಎಂದು ಐ ವರೆಗಿನ ಹತ್ತು ಅಕ್ಷರಗಳನ್ನು ಬೇಗ ಬೇಗ ಹೇಳಿ. ಕೂಡಲೇ 1ರಿಂದ 10ರವರೆಗೆ ಎಣಿಸಿ. ಎರಡಕ್ಕೂ ಸೇರಿ ಎಷ್ಟು ಸೆಕೆಂಡು ಹಿಡಿಯಿತು? ಬರೆದುಕೊಳ್ಳಿ. ಈಗ ಎರಡನ್ನೂ ಬೆರೆಸಿ ಹೇಳಿ: ಅ ಒಂದು, ಆ ಎರಡು, ಇ ಮೂರು, ಹೀಗೆ. ಅವೇ ಹತ್ತು ಅಕ್ಷರ, ಅವೇ ಹತ್ತು ಅಂಕಿ. ಆದರೂ ಹೆಚ್ಚಿನವರಿಗೆ ಎರಡನೇ ಸಲ ಹೆಚ್ಚು ಹೊತ್ತು ಹಿಡಿಯುತ್ತದೆ. ನಡುವೆ ತಡವರಿಸುವುದೂ ಉಂಟು.

ಕಾರಣ ಇಷ್ಟೇ. ಗಮನ ಬೇಡುವ ಎರಡು ಕೆಲಸಗಳನ್ನು ನಮ್ಮ ಮಿದುಳು ಒಟ್ಟಿಗೆ ಮಾಡುವಂತೆ ಕಂಡರೂ ನಿಜವಾಗಿ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತಿರುತ್ತದೆ. ಪ್ರತಿ ಜಿಗಿತಕ್ಕೂ ಸ್ವಲ್ಪ ಹೊತ್ತು ಬೇಕು, ಸ್ವಲ್ಪ ತಪ್ಪೂ ಆಗುತ್ತದೆ. ನಡೆಯುತ್ತ ಮಾತನಾಡಬಹುದು, ಏಕೆಂದರೆ ನಡಿಗೆ ನಮಗೆ ರೂಢಿಯಾಗಿದೆ. ಆದರೆ ಓದುತ್ತ ಇನ್ನೊಬ್ಬರ ಕಥೆ ಕೇಳಲು ಸುಲಭವಿಲ್ಲ. ಎರಡಕ್ಕೂ ಭಾಷೆ ಬೇಕು, ಗಮನ ಬೇಕು. 'ನೀನು ಹೇಳು, ನಾನು ಕೇಳಿಸಿಕೊಳ್ತಾ ಇದೀನಿ' ಎಂದು ಮೊಬೈಲ್ ನೋಡುತ್ತಲೇ ಹೇಳುತ್ತೇವಲ್ಲ, ಆ ಮಾತು ಮುಕ್ಕಾಲು ಪಾಲು ಸುಳ್ಳು. ಬೇಕೆಂದೇ ಹೇಳುವ ಸುಳ್ಳಲ್ಲ ಅದು. ನಮ್ಮ ಮಿದುಳಿನ ಮಿತಿ ನಮಗೇ ಗೊತ್ತಿಲ್ಲದೆ ಹೇಳುವ ಸುಳ್ಳು.

ಮುಖ ಓದುವ ವಿದ್ಯೆ

ಮಾತು ಎಂದರೆ ಬರೀ ಶಬ್ದವೇ? ನಿಮ್ಮ ಗೆಳತಿ 'ಏನೂ ಆಗಿಲ್ಲ' ಎಂದರೂ ಏನೋ ಆಗಿದೆ ಎಂದು ನಿಮಗೆ ತಿಳಿಯುತ್ತದೆ. ಹೇಗೆ? ಆಕೆಯ ಮುಖ ನೋಡಿ. ತುಟಿಯ ಅಂಚು, ಹುಬ್ಬು, ಕಣ್ಣಂಚು ಇವೆಲ್ಲ ಚರ್ಮದ ಕೆಳಗಿರುವ ಸಣ್ಣ ಸಣ್ಣ ಸ್ನಾಯುಗಳಿಂದ ಕದಲುತ್ತವೆ. ಆ ಕದಲಿಕೆಯಿಂದಲೇ ನಾವು ಖುಷಿ, ಭಯ, ಬೇಸರಗಳನ್ನು ಓದುತ್ತೇವೆ.

ಇನ್ನೊಂದು ವಿಷಯ. ನಮ್ಮ ಕಣ್ಣಿನ ಬಿಳಿ ಭಾಗ ಎದ್ದು ಕಾಣುತ್ತದೆ. ನಮ್ಮ ಹತ್ತಿರದ ಬಂಧುಗಳಾದ ಚಿಂಪಾಂಜಿಗಳಲ್ಲಿ ಆ ಭಾಗ ಸಾಮಾನ್ಯವಾಗಿ ಕಂದು ಬಣ್ಣದ್ದು. ಬಿಳಿಯ ನಡುವೆ ಕಪ್ಪು ಪಾಪೆ ಇರುವುದರಿಂದ ಒಬ್ಬರು ಎತ್ತ ನೋಡುತ್ತಿದ್ದಾರೆಂದು ಎದುರಿನವರಿಗೆ ಚೆನ್ನಾಗಿ ತಿಳಿಯುತ್ತದೆ. ಮನುಷ್ಯರು ಕೂಡಿ ಕೆಲಸ ಮಾಡಲು ಇದರಿಂದ ಅನುಕೂಲವಾಗಿರಬಹುದು ಎಂದು ಕೆಲವು ವಿಜ್ಞಾನಿಗಳು ಊಹಿಸಿದ್ದಾರೆ. ಊಹೆ ಸರಿಯೋ ತಪ್ಪೋ, ಒಂದಂತೂ ನಿಜ. ಕಣ್ಣು ನಮ್ಮ ಕಡೆಗಿದೆಯೋ ಕೈಯಲ್ಲಿರುವ ಪರದೆಯ ಕಡೆಗಿದೆಯೋ ಎಂಬುದು ಪಕ್ಕದಲ್ಲಿ ನಿಂತವರಿಗೆ ತಿಳಿದೇ ತಿಳಿಯುತ್ತದೆ.

ಇದು ಮಾತು ಬಾರದ ಕೂಸಿಗೂ ತಿಳಿಯುತ್ತದೆ. 1970ರ ದಶಕದಲ್ಲಿ ಅಮೆರಿಕದ ಎಡ್ವರ್ಡ್ ಟ್ರಾನಿಕ್ ಎಂಬ ಮನೋವಿಜ್ಞಾನಿ ಮತ್ತು ಅವರ ಸಂಗಡಿಗರು ಒಂದು ಪ್ರಯೋಗ ಮಾಡಿದರು. ತಾಯಿ ತನ್ನ ಕೂಸಿನೊಡನೆ ನಗುತ್ತ ಆಡಬೇಕು. ಆಮೇಲೆ ಸ್ವಲ್ಪ ಹೊತ್ತು ಎದುರಿಗೇ ಇದ್ದು, ಮುಖವನ್ನು ಕಲ್ಲಿನಂತೆ ನಿಶ್ಚಲವಾಗಿ ಇಟ್ಟುಕೊಳ್ಳಬೇಕು. ಕೂಸು ಏನು ಮಾಡಿತು ಗೊತ್ತೇ? ನಕ್ಕಿತು. ಕೈ ಚಾಚಿತು. ಸದ್ದು ಮಾಡಿತು. ತಾಯಿಯನ್ನು ಮತ್ತೆ ಆಟಕ್ಕೆ ಎಳೆಯಲು ತನಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಹೂಡಿತು. ಯಾವುದೂ ಫಲಿಸದಾಗ ಮುಖ ತಿರುಗಿಸಿಕೊಂಡಿತು. ತಾಯಿ ಮತ್ತೆ ನಕ್ಕು ಮಾತನಾಡಿಸಿದ ಮೇಲೆ ಸಮಾಧಾನಗೊಂಡಿತು. ಈಚಿನ ವರ್ಷಗಳಲ್ಲಿ ಕೆಲವು ಸಂಶೋಧಕರು ಇದೇ ಪ್ರಯೋಗವನ್ನು ತಾಯಂದಿರ ಕೈಗೆ ಮೊಬೈಲ್ ಕೊಟ್ಟು ಮಾಡಿದ್ದಾರೆ. ಆಗಲೂ ಕೂಸುಗಳು ತಳಮಳಗೊಂಡವು.

ಮೂರು ಸಲ, ನಾಲ್ಕು ಸಲ ಅಪ್ಪನನ್ನು ಕರೆದ ಹುಡುಗಿ ನಿಮಗೆ ನೆನಪಾದಳೇ? ನನಗೆ ಸುಮ್ಮನಾದ ಅವ್ವ ನೆನಪಾದಳು.

ಐದು ದಿನ ಪರದೆ ಇಲ್ಲದೆ

ನಿಮ್ಮದೇ ವಯಸ್ಸಿನ ಮಕ್ಕಳ ಮೇಲೆ ನಡೆದ ಇನ್ನೊಂದು ಅಧ್ಯಯನ ಹೇಳುತ್ತೇನೆ. 2014ರಲ್ಲಿ ಪ್ರಕಟವಾದ ಇದನ್ನು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಮಾಡಿದ್ದರು. ಆರನೇ ತರಗತಿಯ 51 ಮಕ್ಕಳು ಐದು ದಿನ ನಿಸರ್ಗ ಶಿಬಿರಕ್ಕೆ ಹೋದರು. ಅಲ್ಲಿ ಟಿ.ವಿ., ಕಂಪ್ಯೂಟರ್, ಮೊಬೈಲ್ ಏನೂ ಇರಲಿಲ್ಲ. ಅದೇ ಶಾಲೆಯ ಇನ್ನೂ 54 ಮಕ್ಕಳು ಎಂದಿನಂತೆ ಶಾಲೆಗೆ ಬರುತ್ತಿದ್ದರು. ಮೊದಲಿಗೂ ಕೊನೆಗೂ ಎರಡೂ ಗುಂಪಿನವರಿಗೆ ಮುಖಗಳ ಚಿತ್ರ ತೋರಿಸಿ, ಈ ವ್ಯಕ್ತಿಗೆ ಸಂತೋಷವೋ ದುಃಖವೋ ಕೋಪವೋ ಭಯವೋ ಎಂದು ಕೇಳಿದರು. ಶಿಬಿರಕ್ಕೆ ಹೋದವರು ಉಳಿದವರಿಗಿಂತ ಹೆಚ್ಚು ಸುಧಾರಿಸಿದ್ದರು. ಬರೀ ಐದು ದಿನಗಳಲ್ಲಿ!

ಶಾಲೆಯಲ್ಲೇ ಉಳಿದ 54 ಮಕ್ಕಳ ಪರೀಕ್ಷೆ ಏಕೆ ಬೇಕಿತ್ತು? ಒಂದೇ ಪರೀಕ್ಷೆಯನ್ನು ಎರಡನೇ ಸಲ ಬರೆದರೆ ಯಾರಿಗಾದರೂ ಸ್ವಲ್ಪ ಹೆಚ್ಚು ಅಂಕ ಬರುತ್ತದೆ. ಆ ಅಭ್ಯಾಸದ ಫಲವನ್ನು ಬೇರ್ಪಡಿಸಲು ಹೋಲಿಕೆಯ ಗುಂಪು ಬೇಕು. ನಿಮ್ಮ ಪ್ರಯೋಗಗಳಲ್ಲೂ ಇದನ್ನು ಮರೆಯಬೇಡಿ.

ಈಗ ನೀವು ಒಂದು ತಕರಾರು ಎತ್ತಬಹುದು. 'ಸಾರ್, ಪರದೆ ಇಲ್ಲದ್ದರಿಂದ ಹೀಗಾಯಿತೋ, ಗೆಳೆಯರ ಜೊತೆ ಕಾಡಿನಲ್ಲಿ ತಿರುಗಾಡಿದ್ದರಿಂದಲೋ?' ಒಳ್ಳೆಯ ಪ್ರಶ್ನೆ. ಇದೊಂದೇ ಅಧ್ಯಯನದಿಂದ ಅದನ್ನು ಬಿಡಿಸಿ ಹೇಳಲಾಗದು. ಆ ಹುಡುಗಿಯ ಕೋಷ್ಟಕಕ್ಕೂ ಇಂಥದೇ ತಕರಾರು ಉಂಟು. ಭಾನುವಾರ ಒಂದೇ ಒಂದು, ಮತ್ತು ಭಾನುವಾರ ಅಪ್ಪನಿಗೆ ರಜೆ. ದಣಿವು ಇಲ್ಲದ್ದರಿಂದ ಬೇಗ ಓಗೊಟ್ಟಿರಬಹುದಲ್ಲವೇ? ಆದರೆ ನನ್ನ ಅಭಿಪ್ರಾಯ ಇದು: ಪರದೆ ಪಕ್ಕಕ್ಕೆ ಸರಿದಾಗ ಉಳಿದ ಹೊತ್ತು ಸುಮ್ಮನೆ ಖಾಲಿ ಬಿದ್ದಿರುವುದಿಲ್ಲ. ಆ ಹೊತ್ತಿಗೆ ಮನುಷ್ಯರು ಬಂದು ಸೇರುತ್ತಾರೆ. ಮುಖ ಓದುವುದು ಈಜಿನಂತೆ, ಸೈಕಲ್ಲಿನಂತೆ. ಮಾಡಿ ಮಾಡಿಯೇ ಬರಬೇಕು.

ಹಾಗಾದರೆ ಮೊಬೈಲ್ ಶತ್ರುವೇ?

ಖಂಡಿತ ಅಲ್ಲ. ನಿಮ್ಮಲ್ಲಿ ಕೆಲವರ ಅಪ್ಪನೋ ಅಮ್ಮನೋ ದುಡಿಯಲು ಬೆಂಗಳೂರಿಗೋ ಇನ್ನೂ ದೂರಕ್ಕೋ ಹೋಗಿರಬಹುದು. ರಾತ್ರಿ ಅವರ ಕರೆ ಬಂದಾಗ ಮೊಬೈಲ್ ಕೆಳಗಿಡಿ ಎಂದು ನಾನು ಹೇಳಿದರೆ ಅದು ಮೂರ್ಖತನ. ಆ ಕರೆ ಬಂದಾಗ ಟಿ.ವಿ. ಆರಿಸಿ, ಮೊಬೈಲನ್ನು ಎರಡು ಕೈಯಲ್ಲಿ ಹಿಡಿದು ಮಾತನಾಡಿ. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಎಷ್ಟೋ ಮಕ್ಕಳಿಗೆ ಪಾಠ ಮುಟ್ಟಿದ್ದು ಮೊಬೈಲಿನಿಂದಲೇ. ಮೊಬೈಲ್ ಇಲ್ಲದ ಮನೆಯ ಮಕ್ಕಳು ಆಗ ಎಷ್ಟು ಕಷ್ಟಪಟ್ಟರು ಎಂಬುದನ್ನೂ ನಾನು ನೋಡಿದ್ದೇನೆ.

ದೂರ ಇರುವವರನ್ನು ಹತ್ತಿರ ತರಲೆಂದೇ ಈ ಸಾಧನ ಹುಟ್ಟಿತು. ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಹೆಸರು ನಿಮಗೆ ಗೊತ್ತು. 1847ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹುಟ್ಟಿದವನು. ಅವನ ತಾಯಿಗೆ ಕಿವಿ ಕ್ರಮೇಣ ಮಂದವಾಗುತ್ತ ಹೋಯಿತು. ಆಗ ಅವನಿಗೆ ಹೆಚ್ಚು ಕಡಿಮೆ ನಿಮ್ಮದೇ ವಯಸ್ಸು. ಮನೆಯವರು ಮಾತನಾಡುವಾಗ ಅವನು ತಾಯಿಯ ಪಕ್ಕದಲ್ಲಿ ಕುಳಿತು, ಬೆರಳುಗಳ ಭಾಷೆಯಲ್ಲಿ ಆ ಮಾತುಗಳನ್ನು ಆಕೆಗೆ ತಿಳಿಸುತ್ತಿದ್ದ. ಆಕೆಯ ಹಣೆಯ ಬಳಿ ಬಾಯಿಟ್ಟು ಸ್ಪಷ್ಟವಾಗಿ, ಹದವಾದ ದನಿಯಲ್ಲಿ ಮಾತನಾಡುವುದನ್ನೂ ರೂಢಿಸಿಕೊಂಡ. ಆಕೆಗೆ ಕೇಳಿಸುತ್ತಿತ್ತು! ಶಬ್ದ ಗಾಳಿಯಲ್ಲಿ ಮಾತ್ರವಲ್ಲ, ಮೂಳೆಯ ಮೂಲಕವೂ ಸಾಗುತ್ತದೆ. ಎರಡೂ ಕಿವಿಗಳನ್ನು ಬೆರಳಿನಿಂದ ಮುಚ್ಚಿಕೊಂಡು 'ಮ್‌ಮ್‌ಮ್' ಎನ್ನಿ. ನಿಮ್ಮ ದನಿ ತಲೆಯೊಳಗೆ ಗುಂಯ್ಗುಡುವುದಿಲ್ಲವೇ?

ಹೀಗೆ ತಾಯಿಯ ಹಣೆಗೆ ಅಷ್ಟು ಹತ್ತಿರ ಕುಳಿತ ಹುಡುಗ ಮುಂದೆ ಕಿವುಡ ಮಕ್ಕಳ ಶಿಕ್ಷಕನಾದ. 1876ರಲ್ಲಿ ತಂತಿಯ ಮೂಲಕ ಮನುಷ್ಯನ ಮಾತನ್ನು ಸಾಗಿಸಿ ತೋರಿಸಿದ. ಆದರೆ ತಾನು ಕುಳಿತು ಕೆಲಸ ಮಾಡುವ ಕೋಣೆಯಲ್ಲಿ ಮಾತ್ರ ಟೆಲಿಫೋನ್ ಇಟ್ಟುಕೊಳ್ಳಲು ಬೆಲ್ ಒಪ್ಪಲಿಲ್ಲ. ಕೆಲಸಕ್ಕೆ ಅಡ್ಡಿ ಎಂದು! ಸಾಧನ ಎಲ್ಲಿರಬೇಕು, ಎಲ್ಲಿರಬಾರದು ಎಂಬುದನ್ನು ಅದನ್ನು ಮಾಡಿದವನೇ ತೀರ್ಮಾನಿಸಿದ. ನಾವೂ ತೀರ್ಮಾನಿಸಬಹುದಲ್ಲವೇ?

ಸೈರನ್ ಕೂಗಿದ ಹಳ್ಳಿ

ಒಂದು ಊರಿಗೆ ಊರೇ ಹೀಗೆ ತೀರ್ಮಾನಿಸಿದ್ದುಂಟು. ನಮ್ಮ ಬೆಳಗಾವಿ ಜಿಲ್ಲೆಗೆ ತಾಗಿಕೊಂಡಿರುವ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಿದೆ. ಕೊರೋನಾ ಕಾಲದಲ್ಲಿ ಪಾಠಕ್ಕೆಂದು ಮೊಬೈಲ್ ಹಿಡಿದ ಮಕ್ಕಳು ಶಾಲೆ ತೆರೆದ ಮೇಲೂ ಅದನ್ನು ಬಿಡಲಿಲ್ಲ. ಸಂಜೆಯಾದರೆ ಮಕ್ಕಳು ಮೊಬೈಲಿನಲ್ಲಿ, ದೊಡ್ಡವರು ಟಿ.ವಿ.ಯಲ್ಲಿ. 2022ರಲ್ಲಿ ಊರಿನವರು ಸಭೆ ಸೇರಿ ಒಂದು ನಿರ್ಣಯ ಮಾಡಿದರು. ಸಂಜೆ 7 ಗಂಟೆಗೆ ದೇವಸ್ಥಾನದಿಂದ ಸೈರನ್ ಕೂಗುತ್ತದೆ. ಆಗ ಎಲ್ಲರೂ ಮೊಬೈಲ್, ಟಿ.ವಿ. ಆರಿಸಬೇಕು. 8.30ರವರೆಗೆ ಓದು, ಬರಹ, ಮಾತುಕತೆ. ಮೊದಮೊದಲು ಜನ ಮರೆಯುತ್ತಿದ್ದರು. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ನಿವೃತ್ತ ಶಿಕ್ಷಕರು ಮನೆಮನೆಗೆ ಹೋಗಿ ನೆನಪಿಸಿದರು.

ಇದರಲ್ಲಿ ನನಗೆ ಮೆಚ್ಚಿಗೆಯಾದದ್ದು ಸೈರನ್ ಅಲ್ಲ. 'ಮಕ್ಕಳೇ, ನೀವು ಮೊಬೈಲ್ ಬಿಡಿ' ಎಂದು ಹೇಳಿ ದೊಡ್ಡವರು ತಾವು ನೋಡುತ್ತ ಕೂರಲಿಲ್ಲ. ಆ ಒಂದೂವರೆ ಗಂಟೆ ನಿಯಮ ಎಲ್ಲರಿಗೂ ಒಂದೇ ಆಗಿತ್ತು. ನಿಮ್ಮಲ್ಲಿ ಹಲವರಿಗೆ ಸ್ವಂತ ಮೊಬೈಲ್ ಇಲ್ಲ. ಮನೆಗೆಲ್ಲ ಇರುವುದು ಒಂದೇ, ಅದೂ ಅಪ್ಪನ ಜೇಬಿನಲ್ಲಿ. ಹಾಗಿರುವಾಗ ಉಪದೇಶವನ್ನೆಲ್ಲ ಮಕ್ಕಳಿಗೇ ಮಾಡುವುದು ನ್ಯಾಯವೇ? ನನ್ನ ಮಟ್ಟಿಗೆ ಹೇಳುವುದಾದರೆ, ತಪ್ಪು ಮಾಡಿದ್ದು ನಲವತ್ತು ದಾಟಿದ ನಾನು, ಎಂಟನೇ ತರಗತಿಯ ನನ್ನ ಮಗನಲ್ಲ.

ನೀವು ಏನು ಮಾಡಬಹುದು?

ದೊಡ್ಡದೇನೂ ಬೇಡ. ಮೊದಲು ಎಣಿಸಿ. ಊಟದ ಹೊತ್ತಿನಲ್ಲಿ ಮನೆಯ ಯಾರ್‍ಯಾರ ಕೈ ಎಷ್ಟು ಸಲ ಮೊಬೈಲಿಗೆ ಹೋಯಿತು ಎಂದು ಒಂದು ವಾರ ಗೀಟು ಹಾಕಿ. ನಿಮ್ಮ ಗೀಟನ್ನೂ ಹಾಕಿಕೊಳ್ಳಿ, ಮರೆಮಾಚಬೇಡಿ. ಯಾರ ಮೇಲೂ ದೂರು ಹೇಳಬೇಡಿ. ಕೋಷ್ಟಕವನ್ನು ತೋರಿಸಿ, ಸಾಕು. ಸಿಟ್ಟಿನ ಮಾತಿಗೆ ಸಿಟ್ಟಿನ ಉತ್ತರ ಬರುತ್ತದೆ. ಎಣಿಕೆಯನ್ನು ಕಂಡವರು ಸಾಮಾನ್ಯವಾಗಿ ಯೋಚಿಸುತ್ತಾರೆ.

ಎರಡನೆಯದು, ಒಂದು ಜಾಗ ಗೊತ್ತು ಮಾಡಿ. ಗೂಡೋ ಕಪಾಟೋ ಪಾತ್ರೆಯ ಮೇಲಿನ ತಟ್ಟೆಯೋ, ಏನಾದರೂ ಆಗಲಿ. ಊಟಕ್ಕೆ ಕುಳಿತಾಗ ಮೊಬೈಲ್ ಅಲ್ಲಿರಲಿ. ಕರೆ ಬಂದರೆ ಸದ್ದು ಕೇಳಿಸುತ್ತದೆ, ಎದ್ದು ಹೋಗಿ ತೆಗೆದುಕೊಳ್ಳಬಹುದು. ಆಸ್ಪತ್ರೆ, ದೂರದ ಬಂಧು ಎಂದು ಅಗತ್ಯವಿದ್ದವರಿಗೆ ಇದರಿಂದ ತೊಂದರೆಯಿಲ್ಲ.

ಮೂರನೆಯದೇ ಮುಖ್ಯವಾದದ್ದು. ಆ ಬಿಡುವಿನಲ್ಲಿ ಒಂದು ಪ್ರಶ್ನೆ ಕೇಳಿ. ಮೊಬೈಲ್ ಕೆಳಗಿಟ್ಟು ಗೋಡೆ ನೋಡುತ್ತ ಕುಳಿತರೆ ಏನು ಬಂತು? 'ನೀನು ನನ್ನಷ್ಟಿದ್ದಾಗ ನಮ್ಮೂರ ಕೆರೆ ಹೇಗಿತ್ತು?' ಎಂದು ಅಜ್ಜನನ್ನು ಕೇಳಿ. 'ಈಗ ಕಾಣದ ಯಾವ ಹಕ್ಕಿ ಆಗ ಬರುತ್ತಿತ್ತು?' ಎಂದು ಅಜ್ಜಿಯನ್ನು ಕೇಳಿ. ಕೇಳಿದ ಮೇಲೆ ಅವರ ಮುಖ ನೋಡುತ್ತ ಕೂರಿ. ಈ ಉತ್ತರಗಳಲ್ಲಿ ಎಷ್ಟೋ ಯಾವ ಪುಸ್ತಕದಲ್ಲೂ ಇಲ್ಲ, ಯಾವ ಮೊಬೈಲಿನಲ್ಲೂ ಸಿಗುವುದಿಲ್ಲ.

ಅವ್ವನ ಬಾಲಚುಕ್ಕಿ

ಅಂದು ಊರಿಗೆ ಬಂದವನೇ ನಾನು ಮೊಬೈಲನ್ನು ಕಪಾಟಿನಲ್ಲಿಟ್ಟು ಅವ್ವನ ಎದುರು ಕುಳಿತೆ. ಅವ್ವನಿಗೆ ಈಗ ಕಿವಿ ಸ್ವಲ್ಪ ಮಂದ. ನಮ್ಮ ತುಟಿ ನೋಡಿಯೇ ಅರ್ಧ ಮಾತು ತಿಳಿದುಕೊಳ್ಳುತ್ತಾಳೆ. ನಾನು ತಲೆ ಬಗ್ಗಿಸಿ ಮೊಬೈಲ್ ನೋಡುತ್ತ ಮಾತನಾಡಿದರೆ ಆಕೆಗೆ ಕೇಳಿಸುವುದಿಲ್ಲವೆಂದು ನನಗೆ ಹೊಳೆದದ್ದೂ ಅಂದೇ. ಆಕೆ ಒಂದು ದಿನವೂ ದೂರಿರಲಿಲ್ಲ.

'ಅವತ್ತು ಬಾಲಚುಕ್ಕಿ ಅಂದೆಯಲ್ಲ, ಹೇಳವ್ವ' ಎಂದೆ. ಹೇಳಿದಳು. ಕೋಳಿ ಕೂಗುವ ಮುಂಚೆ ಆಕೆಯ ಅಜ್ಜಿ ಎಬ್ಬಿಸಿ ಕಣದ ಹತ್ತಿರ ಕರೆದುಕೊಂಡು ಹೋಗಿದ್ದಳಂತೆ. ಮೂಡಲ ದಿಕ್ಕಿನಲ್ಲಿ ಪೊರಕೆ ನಿಲ್ಲಿಸಿದ ಹಾಗೆ ಉದ್ದನೆಯ ಬೆಳ್ಳಗಿನ ಬಾಲ. ಆಗತಾನೆ ಯುದ್ಧ ಮುಗಿದಿತ್ತು, ಇನ್ನೇನು ಕಾದಿದೆಯೋ ಎಂದು ಹಿರಿಯರು ಹೆದರಿದ್ದರಂತೆ. ಎಷ್ಟನೇ ಇಸವಿ ಎಂದು ಆಕೆಗೆ ತಿಳಿಯದು. ಆದರೆ ಯುದ್ಧ, ಬೆಳಗಿನ ಜಾವ, ಮೂಡಲ ದಿಕ್ಕು, ಆಕೆಯ ವಯಸ್ಸು ಎಲ್ಲ ಕೂಡಿಸಿದರೆ ಅದು 1965ರ ಇಕೆಯಾ–ಸೆಕಿ ಧೂಮಕೇತುವೇ ಇರಬೇಕು. ಆ ವರ್ಷದ ಸೆಪ್ಟೆಂಬರಿನಲ್ಲಿ ಭಾರತ–ಪಾಕಿಸ್ತಾನ ಯುದ್ಧ ನಿಂತಿತು. ಅಕ್ಟೋಬರ್ 21ರಂದು ಆ ಧೂಮಕೇತು ಸೂರ್ಯನ ತೀರಾ ಸಮೀಪ ಹಾದುಹೋಯಿತು. ಇಪ್ಪತ್ತನೇ ಶತಮಾನದ ಅತಿ ಪ್ರಕಾಶಮಾನ ಧೂಮಕೇತುಗಳಲ್ಲಿ ಅದೊಂದು. ಮತ್ತೆ ಬರುವುದು ಹಲವು ನೂರು ವರ್ಷಗಳ ನಂತರ.

'ನಿನ್ನ ಜೊತೆ ಇನ್ಯಾರು ನೋಡಿದರು?' ಎಂದು ಕೇಳಿದೆ. 'ನಮ್ಮಣ್ಣ ನೋಡಿದ್ದ. ಅವನಿಗೆ ಚೆನ್ನಾಗಿ ನೆನಪಿತ್ತು. ಎಷ್ಟು ದಿನ ಕಂಡಿತು ಅನ್ನೋದೂ ಹೇಳ್ತಿದ್ದ' ಎಂದಳು. ನನ್ನ ಸೋದರಮಾವ ತೀರಿಕೊಂಡು ಮೂರು ವರ್ಷವಾಗಿತ್ತು. ಅವರನ್ನು ನಾನು ಎಂದೂ ಕೇಳಿರಲಿಲ್ಲ.

ಇನ್ನು ಆ ಹುಡುಗಿಯ ವಿಷಯ. ವೀಕ್ಷಣೆಯ ಪುಸ್ತಕಕ್ಕೆ ಮನೆಯವರ ಸಹಿ ಬೇಕು. ಆಕೆಯ ಅಪ್ಪ ಕೋಷ್ಟಕ ಓದಿ, ಸಹಿ ಹಾಕಿ, ಕೆಳಗೆ 'ಇನ್ನೂ ಒಂದು ವಾರ ಎಣಿಸು' ಎಂದು ಬರೆದಿದ್ದರು. ಮುಂದಿನ ಭೇಟಿಯಲ್ಲಿ ಎರಡನೇ ವಾರದ ಲೆಕ್ಕ ನೋಡಿದೆ: 2, 1, 3, 1, 1, 2, 1. ಪೂರ್ತಿ ಸರಿಹೋಗಿಲ್ಲ, ಆದರೆ ಮೊದಲಿಗಿಂತ ಕಡಿಮೆ.

ಈ ಪುಟ ಓದಿ ಮುಗಿಸಿದ ಮೇಲೆ ಇಂದು ಸಂಜೆ ಮನೆಯ ಹಿರಿಯರೊಬ್ಬರಿಗೆ ಒಂದೇ ಒಂದು ಪ್ರಶ್ನೆ ಕೇಳಿ. ಅವರು ಹೇಳಿದ್ದನ್ನು ದಿನಾಂಕ ಹಾಕಿ ಬರೆದುಕೊಂಡು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ. ನಿಮ್ಮ ಶಾಲೆಗೆ ಬಂದಾಗ ನನಗೂ ತೋರಿಸಿ. ನೀವು ಓದುವಾಗ ನನ್ನ ಮೊಬೈಲ್ ಚೀಲದಲ್ಲಿರುತ್ತದೆ.